ದಿನಕ್ಕೊಂದು ಒಳಲೆ

ಮೂರನೇ ಸಲ ನನ್ನ ತಲೆಯನ್ನು ಡ್ರಮ್ಮಿನೊಳಗೆ ಅದುಮಿದ.

ಎಣ್ಣೆ! ಮಂದವಾದ ಹಳದಿ ಎಣ್ಣೆ. ಮೂಗಿಗೆ ನುಗ್ಗಿತು. ಗಂಟಲಿಗೆ ಇಳಿಯಿತು. ಹಳಸಿದ ಮೀನಿನ ವಾಸನೆ... ಕಣ್ಣು ಬಿಟ್ಟರೆ ಉರಿ, ಬಾಯಿ ಬಿಟ್ಟರೆ ಸಾವು.

ಕೂದಲು ಹಿಡಿದು ಮೇಲೆತ್ತಿದ.

"ಬೋಲ್ ಸಾಲೇ! ಕಿಸ್ನೇ ಭೇಜಾ?"

ಹರಿಯಾಣದ ಪೈಲ್ವಾನ. ಕತ್ತು ನನ್ನ ತೊಡೆಯಷ್ಟು ದಪ್ಪ. ನನ್ನ ಕೈಗಳನ್ನು ಟವೆಲ್ಲಿನಿಂದ ಹಿಂದಕ್ಕೆ ಕಟ್ಟಿದ್ದ. ಅವನ ಹಿಂದೆ ಬಿಳಿ ಶರ್ಟು, ಹಣೆಯಲ್ಲಿ ಗಂಧ, ಬಾಯಲ್ಲಿ ಎಲೆಅಡಿಕೆ... ಅಶ್ವತ್ಥನಾರಾಯಣ. ದಿಲ್ಲಿಯ ಕನ್ನಡದ ಮನೆಗಳಿಗೆಲ್ಲ ಸಾರಿನ ಪುಡಿ, ಮೆಂತ್ಯದ ಹಿಟ್ಟು ಮಾರುವ ಮಹಾನುಭಾವ!

"ಯಾರು ಕಳಿಸಿದ್ದು ಹೇಳಿಬಿಡಪ್ಪ ಮಾಚಯ್ಯ. ನಾವು ನಾವು ಕನ್ನಡದವರು. ಯಾಕೆ ಸುಮ್ನೆ ಹಿಂಸೆ?" ಹೆಸರು ನನ್ನ ಜೇಬಿನ ಲೈಸೆನ್ಸಿನಿಂದ ತಿಳಿದುಕೊಂಡಿದ್ದ.

"ಈ ಎಣ್ಣೆ ಯಾವುದು ಅಂತ ಹೇಳು. ಹೊರಟುಹೋಗ್ತೀನಿ."

"ಇನ್ನೊಂದು ಮುಳುಗು ಹಾಕ್ಸು," ಅಂದ ಹಿಂದಿಯಲ್ಲಿ, ಪೈಲ್ವಾನನಿಗೆ.

ಶೆಡ್ಡಿನ ಗೋಡೆಯ ಮೇಲೊಂದು ಗಡಿಯಾರ. ಮೂರು ಗಂಟೆ ದಾಟಿತ್ತು. ನಾಲ್ಕಕ್ಕೆ ರೋಹಿಣಿಯ ನರ್ಸಿಂಗ್ ಹೋಮಿನಲ್ಲಿ ಹತ್ತು ತಿಂಗಳ ಒಂದು ಕೂಸಿನ ತಲೆಗೆ ತೂತು ಕೊರೆಯುವವರಿದ್ದರು. ಈ ಎಣ್ಣೆ ಏನೆಂದು ನಾನು ಫೋನಿನಲ್ಲಿ ಹೇಳಿದರೆ ಮಾತ್ರ ಅದು ನಿಲ್ಲುತ್ತಿತ್ತು.

ನಾನಿಲ್ಲಿ ಎಣ್ಣೆಸ್ನಾನ ಮಾಡುತ್ತಿದ್ದೆ!

*

ನಡೆದದ್ದು ಕೇಳಿ.

ಅವತ್ತು ಬೆಳಿಗ್ಗೆ ಚಂದ್ರಮೋಹನನ ಫೋನು. ಸೆಂಟ್ರಲ್ ಗವರ್ನಮೆಂಟಿನಲ್ಲಿ ಸೆಕ್ಷನ್ ಆಫೀಸರು. ಮಗ ಲೇಹ್‌ನಲ್ಲಿ ಡ್ಯೂಟಿ. ಮನೆಯಲ್ಲಿ ಹೆಂಡತಿ ಶಾರದಾ, ಸೊಸೆ ಅಮಿತಾ, ಮೊಮ್ಮಗ ಕಾರ್ತಿಕ್.

"ಮನೆ ಕೆಲಸದವಳು ಮಗೂಗೆ ವಿಷ ಹಾಕಿದಾಳೆ ಮಾಚಯ್ಯ. ಮಗು ನರ್ಸಿಂಗ್ ಹೋಮಲ್ಲಿದೆ. ಅವಳು ಬಾಯಿ ಬಿಡ್ತಿಲ್ಲ. ನೀವು ಬರ್ಬೇಕು."

ನನ್ನ ಕೆಲಸವೇ ಅದು. ಒಂಬತ್ತನೇ ಕ್ಲಾಸಿಗೆ ಸ್ಕೂಲಿಗೆ ಕೈ ಮುಗಿದವನು ನಾನು. ಅಪ್ಪ ಫೌಜಿನಲ್ಲಿ ಹವಾಲ್ದಾರ. ಮಗ ಆಫೀಸರಾಗಲಿ ಅಂತ ದಿಲ್ಲಿಗೆ ಕರೆತಂದ. ನಾನು ಇದಾದೆ. ಪೊಲೀಸರಿಗೆ ಹೇಳಲಾಗದ್ದನ್ನೆಲ್ಲ ಜನ ನನಗೆ ಹೇಳುತ್ತಾರೆ. ಹೇಳುವಾಗ ಬಹುವಚನ. ಕೆಲಸ ಮುಗಿದ ಮೇಲೆ ನೀರು ಕೊಡುವುದು ಬೇರೆ ಲೋಟದಲ್ಲಿ!

ಮೇ ತಿಂಗಳು. ರೋಹಿಣಿಯ ಫ್ಲ್ಯಾಟು ಹಂಚಿನ ಹಾಗೆ ಕಾದಿತ್ತು. ಬಾಲ್ಕನಿಯ ಪಕ್ಕದ ಬಾತ್‌ರೂಮಿಗೆ ಹೊರಗಿಂದ ಬೀಗ.

"ನಿನ್ನೆಯಿಂದ ಒಳಗೇ ಇದಾಳೆ," ಅಂದ ಚಂದ್ರಮೋಹನ. ಹೆಮ್ಮೆಯಿಂದ ಅಂದ!

"ನೀರು ಕೊಟ್ರಾ?"

"ಬಾತ್‌ರೂಮಲ್ವಾ... ನಲ್ಲಿ ಇದೆಯಲ್ಲ."

ಒಳಗೆ ಹೋದೆ. ಸುನೈನಾ. ಬಿಹಾರದವಳು, ಮೂವತ್ತರ ಆಸುಪಾಸು. ಬಕೆಟ್ಟಿನ ಪಕ್ಕ ಮುದುಡಿ ಕೂತಿದ್ದಳು. ಕೆನ್ನೆಯ ಮೇಲೆ ಯಾರದೋ ಐದು ಬೆರಳು.

ಮುಂಗೈ ಹಿಡಿದು ತಿರುಚಿದೆ. ಎರಡು ಬಳೆ ಒಡೆದವು.

"ಏನು ಹಾಕಿದೆ ಮಗೂಗೆ?"

ಅವಳು ಕಿರುಚಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಹೇಗೆ ಹಾಕ್ಲಿ ಭಯ್ಯಾ? ಮಗೂನ ಎತ್ಕೊಳ್ಳೋದು ಮಾತ್ರ ನಾನು. ಬಾಯಿಗೆ ಹೋಗೋದೆಲ್ಲ ಮಾಜೀ ಕೈಯಿಂದ. ಆ ಚಾಂದಿಯ ಕಟೋರಿ ಇದೆಯಲ್ಲ, ಒಂದ್ಸಲ ಮುಟ್ಟಿದ್ದಕ್ಕೆ ಮೂರು ಸಲ ಹುಣಸೆಹಣ್ಣು ಹಾಕಿ ಉಜ್ಜಿದ್ರು. ಅಡುಗೆಮನೆ ಹೊಸ್ತಿಲು ದಾಟಂಗಿಲ್ಲ. ವಿಷ ಎಲ್ಲಿ ಹಾಕ್ಲಿ, ಹೇಳು?"

ಕೈ ಬಿಟ್ಟೆ.

ಅರ್ಥವಾಯಿತೇ? ಮಡಿ! ಮುಟ್ಟಲೇ ಬಿಡದವಳ ಮೇಲೆ ವಿಷ ಹಾಕಿದ ಆರೋಪ. ಸೆಕ್ಷನ್ ಆಫೀಸರಿಗೆ ಇಷ್ಟು ಲೆಕ್ಕ ಹೊಳೆದಿರಲಿಲ್ಲ.

ಅಡುಗೆಮನೆಗೆ ನಡೆದೆ. ಶಾರದಮ್ಮ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದರು.

"ಅಲ್ಲೇ ನಿಂತ್ಕೋಪ್ಪ. ಏನು ಬೇಕು?"

"ಮಗೂಗೆ ಹಾಕೋ ಬೆಳ್ಳಿ ಬಟ್ಟಲು."

"ಒಳಲೇನಾ?"

ತಂದು ದೂರದಿಂದ ತೋರಿಸಿದರು. ಹಸುಗೂಸಿಗೆ ಹಾಲು ಕುಡಿಸುವ, ಕೊಕ್ಕಿನಂಥ ಮೂತಿ ಇರುವ ಒಳಲೆ. ಅವರಜ್ಜಿಯ ಕಾಲದ್ದಂತೆ. ಊರಿಂದ ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದದ್ದಂತೆ. ಕಿತ್ತುಕೊಂಡು ಮೂಸಿದೆ.

"ಅಯ್ಯೋ! ಮುಟ್ಟಿಬಿಟ್ಯಲ್ಲೋ!"

ಮೂತಿಯ ಸಂದಿಯಲ್ಲಿ ಜಿಡ್ಡು. ಕಿತ್ತಳೆ ಎಸೆನ್ಸು... ಅದರ ಅಡಿಯಲ್ಲಿ ಇನ್ನೊಂದು ವಾಸನೆ. ನಾನು ಕೊಡವ. ಮೀನು ಯಾವುದು, ಮೀನಿನ ಎಣ್ಣೆ ಯಾವುದು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ಈ ಮನೇಲಿ ಮೀನು ಎಲ್ಲಿಂದ ಬಂತಮ್ಮಾ?"

"ಥೂ! ಏನು ಮಾತು ಅಂತ ಆಡ್ತೀಯಾ?"

"ಮಗೂಗೆ ಏನು ಔಷಧಿ ಕೊಡ್ತಿದ್ರಿ?"

"ಯಾವ ಔಷಧೀನೂ ಇಲ್ಲ! ಆಸ್ಪತ್ರೇಲೂ ಹತ್ತು ಸಲ ಕೇಳಿದ್ರು. ಕೋಯೀ ದವಾಯೀ ದೀ, ಕೋಯೀ ದವಾಯೀ ದೀ ಅಂತ. ಕೊಟ್ಟಿಲ್ಲ ಅಂದೆ. ದೇವರಾಣೆ ಕೊಟ್ಟಿಲ್ಲ."

"ಮತ್ತೆ ಇದರಲ್ಲಿ ಏನು?"

"ಅದಾ? ಅದು ಔಷಧಿಯಲ್ಲಪ್ಪ. ಟಾನಿಕ್ಕು!"

ಕೇಳಿದಿರಾ? ಔಷಧಿಯಲ್ಲ, ಟಾನಿಕ್ಕು. ಡಾಕ್ಟರು ಹತ್ತು ಸಲ ಕೇಳಿದರು. ಈಯಮ್ಮ ಹತ್ತು ಸಲ ಸತ್ಯವನ್ನೇ ಹೇಳಿದರು. ಮಗು ಮಾತ್ರ ವಾಂತಿ ಮಾಡುತ್ತಲೇ ಇತ್ತು.

ಬಾಟ್ಲಿ ತಂದರು. ಮೇಲೆ ಕನ್ನಡದಲ್ಲೇ ಚೀಟಿ. "ಬಾಲಪುಷ್ಟಿ. ಮಕ್ಕಳ ಬೆಳವಣಿಗೆಗೆ. ದಿನಕ್ಕೊಂದು ಒಳಲೆ." ಒಳಗೆ ಏನಿದೆ ಅಂತ ಒಂದಕ್ಷರ ಇಲ್ಲ.

"ಎಷ್ಟು ದಿನದಿಂದ?"

"ಯುಗಾದಿಯಿಂದ. ಒಂದು ದಿನಾನೂ ತಪ್ಪಿಸಿಲ್ಲ!"

"ಯಾರು ಕೊಟ್ಟಿದ್ದು?"

"ನಮ್ಮ ಅಶ್ವತ್ಥಣ್ಣ. ಲಕ್ಷ್ಮೀ ನಗರದಲ್ಲಿ ಅಂಗಡಿ. ಒಳ್ಳೆ ಮನುಷ್ಯ, ನಮ್ಮವರೇ. ಈ ಇಂಗ್ಲಿಷ್ ಔಷಧಿ ಹಾಗಲ್ಲ ಅದು."

ಫೋನ್ ತೆಗೆದೆ. ಮಕ್ಕಳ ಡಾಕ್ಟರು ವೈಜಯಂತಿ, ಮೈಸೂರಿನವರು. ನಂಬರು ಚಂದ್ರಮೋಹನ ಕೊಟ್ಟ.

"ಡಾಕ್ಟ್ರೇ, ಮಗೂಗೆ ದಿನಾ ಒಂದು ಟಾನಿಕ್ ಕೊಡ್ತಿದ್ರಂತೆ. ಬೇಳೆ ಬೆಂದ ಹಾಗೆ ಹಳದಿ. ಮೀನೆಣ್ಣೆ ವಾಸನೆ."



"ಅದರಲ್ಲಿ ಏನಿದೆ?"

"ಬರೆದಿಲ್ಲ."

"ನೋಡಿ, ನೆತ್ತಿ ಉಬ್ಬಿದೆ. ತಲೆಯೊಳಗೆ ಒತ್ತಡ ಏರ್ತಾ ಇದೆ. ಕಾರಣ ಸಿಕ್ಕಿಲ್ಲ. ಅದಕ್ಕೇ ಸರ್ಜನ್ನು ನಾಲ್ಕು ಗಂಟೆಗೆ ತಲೆಗೆ ನಳಿಗೆ ಇಡ್ತೀನಿ ಅಂತಿದಾರೆ. ಈ ಮಗು ಅದನ್ನ ತಡೆದುಕೊಳ್ಳೋದು ಕಷ್ಟ. ಬಾಟ್ಲಿ ಲ್ಯಾಬಿಗೆ ಹೋದ್ರೆ ನಾಲ್ಕು ದಿನ. ಮೀನೆಣ್ಣೆ ವಾಸನೆ ಅಂತ ಹೇಳಿ ನಾನು ಆಪರೇಶನ್ ನಿಲ್ಲಿಸಕ್ಕಾಗಲ್ಲ. ಏನು ಹಾಕಿದಾನೆ ಅಂತ ಮಾಡಿದವನ ಬಾಯಿಂದ ಬೇಕು!"

"ಬಾಯಿ ಬಿಡಿಸೋದಕ್ಕೇ ನಾನಿರೋದು ಡಾಕ್ಟ್ರೇ."

*

ಲಕ್ಷ್ಮೀ ನಗರ. ಕೋಚಿಂಗ್ ಕ್ಲಾಸಿನ ಬೋರ್ಡುಗಳ ಕಾಡು. ಅದರ ನಡುವೆ "ತವರು ಹೋಮ್ ಪ್ರಾಡಕ್ಟ್ಸ್". ಗಾಜಿನ ಹಿಂದೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ. ಮೂಲೆಯಲ್ಲಿ ಸಾಲಾಗಿ ಹಳದಿ ಬಾಟ್ಲಿ.

ಅಶ್ವತ್ಥನಾರಾಯಣ ಇಬ್ಬರು ಹೆಂಗಸರಿಗೆ ಹುಳಿಪುಡಿ ತೂಗುತ್ತಿದ್ದ.

"ಬನ್ನಿ ಬನ್ನಿ! ಏನು ಬೇಕಿತ್ತು?"

"ಬಾಲಪುಷ್ಟಿ."

"ಎಷ್ಟು ತಿಂಗಳು ಮಗು?"

"ಹತ್ತು. ಸಾಯ್ತಾ ಇದೆ!"

ತಕ್ಕಡಿ ಕೈಜಾರಿತು. ನನ್ನನ್ನು ನೋಡಿದ. ಬಾಟ್ಲಿ ನೋಡಿದ. ಆಮೇಲೆ... ಓಡಿದ! ಹಿಂಬಾಗಿಲು, ಗಲ್ಲಿ, ಮಾರುತಿ ವ್ಯಾನು. ಐವತ್ತು ದಾಟಿದ ಮನುಷ್ಯ ಅಷ್ಟು ಚುರುಕಾಗಿ ಓಡಿದ್ದನ್ನು ನಾನು ನೋಡಿಲ್ಲ.

ನನ್ನ ಯಮಹಾ ಹಿಂದೆ ಬಿತ್ತು.

ವಿಕಾಸ್ ಮಾರ್ಗ್. ಯಮುನಾ ಸೇತುವೆ. ಮಥುರಾ ರೋಡು. ಆಶ್ರಮ್ ಚೌಕದಲ್ಲಿ ಒಂದು ಬ್ಲೂಲೈನ್ ಬಸ್ಸು ನನ್ನನ್ನು ಡಿವೈಡರಿಗೆ ಒರೆಸಿತು. ಮಂಡಿಯ ಚರ್ಮ ಅಲ್ಲೇ ಬಿಟ್ಟೆ. ಬದರ್‌ಪುರದ ಜಾಮಿನಲ್ಲಿ ವ್ಯಾನು ಫುಟ್‌ಪಾತಿಗೆ ಹತ್ತಿತು, ನಾನೂ ಹತ್ತಿದೆ. ಜೋಳ ಸುಡುತ್ತಿದ್ದವನ ಬಂಡಿ ಮಗುಚಿತು. ಬೈಗುಳ ಫರೀದಾಬಾದಿನ ತನಕ ಕೇಳಿಸಿತು!

ಅಲ್ಲೊಂದು ಕೋಳಿ ಫೀಡಿನ ಶೆಡ್ಡು. ವ್ಯಾನು ಒಳಗೆ ನುಗ್ಗಿತು. ನಾನೂ ನುಗ್ಗಿದೆ. ಬಾಗಿಲ ಮರೆಯಲ್ಲಿ ಪೈಲ್ವಾನ ಕಾಯುತ್ತಿದ್ದ. ಸಲಾಕೆ ನನ್ನ ಬೆನ್ನಿಗೆ ಬಿತ್ತು...

ಹೀಗೆ ನಾನು ಡ್ರಮ್ಮು ಸೇರಿದೆ.

*

ನಾಲ್ಕನೇ ಸಲ ಅದುಮಲು ಅವನು ಬಗ್ಗಿದ.

ಕೈ ಕಟ್ಟಿದ್ದ. ಕಾಲು ಕಟ್ಟಿರಲಿಲ್ಲ. ಡ್ರಮ್ಮು ನಾಲ್ಕು ಇಟ್ಟಿಗೆಗಳ ಮೇಲೆ ನಿಂತಿತ್ತು. ಒಂದಕ್ಕೆ ಒದ್ದೆ.

ಡ್ರಮ್ಮು ವಾಲಿತು. ಮಗುಚಿತು. ನೆಲದ ತುಂಬ ಹಳದಿ ಕೆರೆ!

ಪೈಲ್ವಾನ ಒಂದು ಹೆಜ್ಜೆ ಇಟ್ಟ. ಎರಡನೆಯದು ಗಾಳಿಯಲ್ಲಿತ್ತು. ಅಂಥ ದೇಹ ಅಂಗಾತ ಬಿದ್ದಾಗ ಶೆಡ್ಡಿನ ತಗಡು ನಡುಗಿತು. ನಾನೂ ಬಿದ್ದೆ. ಎಣ್ಣೆ ಕುಡಿದ ಟವೆಲ್ಲಿನ ಗಂಟು ಜಾರಿ ಕೈ ಬಿಡಿಸಿಕೊಂಡಿತು. ಸಲಾಕೆ ಸಿಕ್ಕಿತು.

ಅವನ ಮಂಡಿಗೆ ಹೊಡೆದೆ. ಇನ್ನೊಂದು ಮಂಡಿಗೂ ಹೊಡೆದೆ. ಎರಡನೆಯದು ಬೇಕಿರಲಿಲ್ಲ. ಆದರೂ ಹೊಡೆದೆ.

ಅಶ್ವತ್ಥನಾರಾಯಣ ಬಾಗಿಲ ಕಡೆ ತೆವಳುತ್ತಿದ್ದ. ಅವನ ಬೆರಳುಗಳ ಮೇಲೆ ಬೂಟಿಟ್ಟೆ.

"ಏನಿದು?"

"ಕಡ್ಲೆಕಾಯಿ ಎಣ್ಣೆ... ತಾಯಾಣೆ..."

ಬೂಟು ತಿರುಗಿಸಿದೆ. ಕಟಕ್ ಅಂತು.

"ಅಮ್ಮಾ!... ಎಣ್ಣೆ ಕಣೋ... ಬರೀ ಎಣ್ಣೆ..."

ಇವನು ಸುಳ್ಳು ಬಿಡುವ ಹೊತ್ತಿಗೆ ಮಗುವಿನ ತಲೆ ತೂತಾಗಿರುತ್ತದೆ. ಮಗುಚಿದ ಡ್ರಮ್ಮನ್ನು ಹೊರಳಿಸಿದೆ. ಹೊಟ್ಟೆಯ ಮೇಲೆ ಇಂಗ್ಲಿಷ್ ಲೇಬಲ್ಲು. ಸಣ್ಣ ಅಕ್ಷರ, ಉದ್ದುದ್ದ ಪದ. ಒಂಬತ್ತನೇ ಕ್ಲಾಸಿನ ಇಂಗ್ಲಿಷಿಗೆ ನಿಲುಕದ ಪದ. 

ಜಿಡ್ಡಿನ ನೋಕಿಯಾ. ಬೆರಳು ಜಾರುತ್ತಿತ್ತು. ಕೊನೆಗೂ ರಿಂಗಾಯಿತು.

"ಡಾಕ್ಟ್ರೇ!"

"ಎಲ್ಲಿದ್ರಿ ನೀವು? ಮಗೂನ ಥಿಯೇಟರಿಗೆ ಕರ್ಕೊಂಡು ಹೋಗ್ತಿದಾರೆ. ತಲೆ ಬೋಳಿಸಿ ಆಯ್ತು!"

"ಓದಕ್ಕೆ ಬರ್ತಿಲ್ಲ. ಅಕ್ಷರ ಹೇಳ್ತೀನಿ. ಬರ್ಕೊಳ್ಳಿ."

"ಗದ್ದಲ... ಜೋರಾಗಿ ಹೇಳಿ!"

"ಆರ್! ರಾಗಿಯ ಆರ್! ಇ... ಎಮ್ಮೆಯ ಇ! ಟಿ, ಟೋಪಿ!"

"ಹ್ಞೂಂ. ಆಮೇಲೆ?"

"ಐ! ಇಡ್ಲಿ! ಎನ್... ನಾಯಿ! ವೈ! ಯಮ!"

"ವೈ ಆದ್ಮೇಲೆ?"

"ಎಲ್..."

"ರೆಟಿನಿಲ್," ಅಂದರು ಡಾಕ್ಟರು. ದನಿಯೇ ಬದಲಾಗಿತ್ತು. "ಸಾಕು. ಅದರ ಮುಂದೆ ಏನಾದ್ರೂ ನಂಬರಿದೆಯಾ?"

"ಒಂದು ಪಾಯಿಂಟ್ ಸೊನ್ನೆ. ಎಮ್, ಐ, ಯು. ಕೆಳಗೆ ಕೋಳಿ ಚಿತ್ರ."

"ದೇವರೇ... ಗ್ರಾಮಿಗೆ ಹತ್ತು ಲಕ್ಷ ಯೂನಿಟ್ಟು!" ಫೋನು ದೂರ ಹಿಡಿದು ಕೂಗಿದ್ದು ಕೇಳಿಸಿತು. "ರೋಕೋ! ಬಚ್ಚೇ ಕೋ ವಾಪಸ್ ಲಾಓ!" ಓಡುವ ಚಪ್ಪಲಿ ಸದ್ದು. ಬಾಗಿಲು ಬಡಿದ ಸದ್ದು. ಯಾರೋ ಗಂಡಸು ರೇಗುತ್ತಿದ್ದ. ಡಾಕ್ಟರು ಅವನಿಗಿಂತ ಜೋರಾಗಿ ರೇಗಿದರು.

ನಾನು ಎಣ್ಣೆಯಲ್ಲಿ ಮಂಡಿಯೂರಿ ಫೋನನ್ನು ಕಿವಿಗೆ ಒತ್ತಿಕೊಂಡಿದ್ದೆ.

"ನಿಲ್ಸಿದ್ದೀನಿ," ಅಂದರು ವಾಪಸ್ ಬಂದು. ಏದುಸಿರು.

"ಏನದು ಡಾಕ್ಟ್ರೇ?"

"ವಿಟಮಿನ್ ಎ."

"ವಿಟಮಿನ್ನಾ? ಅದು ಒಳ್ಳೇದಲ್ವಾ?"

"ಒಳ್ಳೇದೇ. ಒಂಬತ್ತನೇ ತಿಂಗಳು ದಡಾರದ ಸೂಜಿ ಜೊತೆ ನಾನೇ ಈ ಮಗೂಗೆ ಒಂದು ಡೋಸ್ ಹಾಕಿದೀನಿ. ಒಂದು ಲಕ್ಷ ಯೂನಿಟ್ಟು. ಆ ಡೋಸಿನ ಬಾಟ್ಲಿ ಜೊತೆ ಬರೋ ಚಮಚದಲ್ಲಿ ಅರ್ಧ ಗೆರೆ ತನಕ, ಅಷ್ಟೇ. ಮತ್ತೆ ಆರು ತಿಂಗಳು ಕೊಡಂಗಿಲ್ಲ. ಬಿ, ಸಿ ಆದ್ರೆ ಜಾಸ್ತಿ ಆಗಿದ್ದು ಮೂತ್ರದಲ್ಲಿ ಹೋಗ್ಬಿಡುತ್ತೆ. ಇದು ಹೋಗಲ್ಲ. ಲಿವರಲ್ಲಿ ಕೂತ್ಕೊಳ್ಳುತ್ತೆ. ದಿನಾ ದಿನಾ ಸೇರಿ ತಲೆಗೆ ಒತ್ತುತ್ತೆ. ಒಳಲೆ ಅಂದ್ರೆ ಎಷ್ಟು ಚಮಚ ಹಿಡಿಯುತ್ತೆ, ಗೊತ್ತೇನ್ರೀ ನಿಮಗೆ?"

ಗೊತ್ತಿರಲಿಲ್ಲ. ಗೊತ್ತಿರಬೇಕಾದವನು ನನ್ನ ಪಕ್ಕದಲ್ಲೇ ಮುರಿದ ಬೆರಳು ಹಿಡಿದು ಬಿದ್ದಿದ್ದ.

ಫೋನು ಜೇಬಿಗೆ ಹಾಕಿದೆ.

"ವಿಟಮಿನ್ ತಾನೇ ಮಾಚಯ್ಯ!" ಅಂತ ಅಳತೊಡಗಿದ. "ವಿಷ ಅಲ್ವಲ್ಲ! ಕೋಳಿ ಬೆಳೆಯುತ್ತೆ, ಮಗು ಬೆಳೆಯಲ್ವಾ ಅಂತ... ಸಕ್ಕರೆ ಪಾಕದಲ್ಲಿ ತೆಳ್ಳಗೆ ಮಾಡೇ ಕೊಡ್ತಿದ್ದೆ. ಜಾಸ್ತಿ ಆಗಿದ್ದು ಉಚ್ಚೇಲಿ ಹೋಗುತ್ತೆ ಅಂದ್ಕೊಂಡೆ..."

"ಚಮಚ ಅಂತ ಯಾಕೆ ಬರೀಲಿಲ್ಲ?"

"ನಮ್ಮ ಹೆಂಗಸರು ಒಳಲೆ ಅಂದ್ರೆ ನಂಬ್ತಾರೆ ಕಣಪ್ಪ. ಮನೆ ಔಷಧಿ ಥರ ಕಾಣುತ್ತೆ. ಬಾಟ್ಲೀನೂ ಬೇಗ ಮುಗಿಯುತ್ತೆ..."

ಪಕ್ಕದಲ್ಲಿ ಚಹಾದ ಗ್ಲಾಸಿತ್ತು. ನೆಲದಿಂದ ಎಣ್ಣೆ ಬಾಚಿ ತುಂಬಿಸಿದೆ. ಹೊಟ್ಟು, ಮಣ್ಣು, ಎಲ್ಲ ಸೇರಿ.

"ಕುಡಿ."

"ಬೇಡ ಮಾಚಯ್ಯ... ನಿನ್ ಕಾಲು..."

"ವಿಟಮಿನ್ ತಾನೇ?"

ಮೂಗು ಹಿಡಿದೆ. ಕುಡಿದ. ಕಕ್ಕಿದ. ಮತ್ತೆ ತುಂಬಿಸಿದೆ. ಮತ್ತೆ ಕುಡಿದ. ಗಂಧ ಕರಗಿ ಕಣ್ಣಿಗಿಳಿಯಿತು. ಮೂರನೆಯ ಗ್ಲಾಸಿಗೆ ಬೇಡಿಕೊಳ್ಳುವುದನ್ನೂ ಬಿಟ್ಟ. ಆಮೇಲೆ ಅವನದೇ ವ್ಯಾನಿಗೆ ತುಂಬಿ, ಡ್ರಮ್ಮಿನ ಸಮೇತ ಪೊಲೀಸ್ ಚೌಕಿಯ ಮುಂದೆ ಇಳಿಸಿದೆ. ಏನು ಕುಡಿದಿದ್ದಾನೆ ಅಂತ ಕೇಳಿದರು. ಆರೋಗ್ಯ ಅಂದೆ.

*

ಸಂಜೆ ನರ್ಸಿಂಗ್ ಹೋಮಿಗೆ ಹೋದೆ. ವಾರ್ಡ್‌ಬಾಯ್ ಮೂಗು ಮುಚ್ಚಿಕೊಂಡ.

ವೈಜಯಂತಿ ಡಾಕ್ಟರು ಕಾರಿಡಾರಿನಲ್ಲೇ ಸಿಕ್ಕರು.

"ಒತ್ತಡ ಇಳಿಸೋ ಔಷಧಿ ಶುರು ಮಾಡಿದೀವಿ. ಆ ಎಣ್ಣೆ ನಿಲ್ತಲ್ಲ, ಅದೇ ಅರ್ಧ ಚಿಕಿತ್ಸೆ. ಲಿವರಲ್ಲಿ ಇರೋದು ಕರಗಕ್ಕೆ ವಾರಗಟ್ಟಲೆ ಬೇಕು. ಚರ್ಮ ಸುಲೀತಿದೆ, ಮೂಳೆ ನೋವಿದೆ, ಅಳುತ್ತೆ. ಆದ್ರೆ ಉಳಿಯುತ್ತೆ."

ಅವರು ಒಳಗೆ ಹೋದರು. ಚಂದ್ರಮೋಹನ ನನ್ನ ತೋಳು ಹಿಡಿದು ಮೂಲೆಗೆ ಎಳೆದ. ಡಾಕ್ಟರು ಅವನಿಗೆ ಎಲ್ಲ ಹೇಳಿದ್ದರು.

"ಮಾಚಯ್ಯ... ಒಂದು ಮಾತು. ಶಾರದಾಗೆ ಗೊತ್ತಾಗೋದು ಬೇಡ. ತಡ್ಕೊಳ್ಳಲ್ಲ. ಆ ಹುಡುಗಿ ಸುನೈನಾ ಹೇಗೂ ಬಿಹಾರದವಳು. ಅವಳೇ ಹಾಲಿಗೆ ಏನೋ ಬೆರೆಸಿದ್ಲು ಅಂತ ಅಂದ್ರೆ..."

"ಬೀಗ ತೆಗೆದಿಲ್ವಾ ಇನ್ನೂ?"

ಜೇಬಿನ ಮೇಲೆ ಕೈ ಇಟ್ಟುಕೊಂಡ.

"ನಿನ್ನೆಯಿಂದ ಹಾಗೇ? ಈ ಬಿಸಿಲಲ್ಲಿ?"

"ಕಂಪ್ಲೇಂಟ್ ಕೊಡೋ ತನಕ ಅಂತ..."

ಅಷ್ಟರಲ್ಲಿ ಶಾರದಮ್ಮ ಬಂದರು. ಕೈಯಲ್ಲಿ ಕುಂಕುಮದ ಪೊಟ್ಟಣ.

"ಉಳೀತಂತಲ್ಲಪ್ಪ! ನಿನ್ನ ಹೊಟ್ಟೆ ತಣ್ಣಗಿರ್ಲಿ. ಯಾರು ಹಾಕಿದ್ದು ವಿಷ? ಅವಳೇ ತಾನೇ?"

ಚಂದ್ರಮೋಹನ ಅವರ ಹಿಂದೆ ನಿಂತು ಕಣ್ಣಲ್ಲೇ ಕೈ ಮುಗಿದ.

 ಬಾತ್‌ರೂಮಿನ ಬಾಗಿಲು ನೆನಪಾಯಿತು. ಒಡೆದ ಬಳೆ ನೆನಪಾಯಿತು.

"ನೀವು."

"ಏನು?"

"ನೀವೇ ಅಮ್ಮಾ. ಯುಗಾದಿಯಿಂದ. ಒಂದು ದಿನಾನೂ ತಪ್ಪಿಸದೆ."

  ಗೋಡೆ ಹಿಡಿದು ಬೆಂಚಿನ ಮೇಲೆ ಕೂತರು. ಕುಂಕುಮ ಮಡಿಲಲ್ಲೆಲ್ಲ ಚೆಲ್ಲಿತು. ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಚೆಲ್ಲಿದ ಕುಂಕುಮವನ್ನು ಬಾಚಿ ಪೊಟ್ಟಣಕ್ಕೆ ತುಂಬಿದರು. ಆಮೇಲೆ ಗಂಡನ ಕಡೆ ತಿರುಗಿ, ಪಿಸುದನಿಯಲ್ಲಿ, ಮನೆಯ ಸಾಮಾನಿನ ವಿಷಯ ಮಾತಾಡುವ ಹಾಗೆ ಅಂದರು:

"ರೀ... ಅವಳನ್ನ ಬಿಡ್ಬೇಡಿ. ಬಿಟ್ರೆ ಅಮಿತಾ ಕೇಳ್ತಾಳೆ, ಮತ್ಯಾರು ಅಂತ."

ನಾನು ಎಷ್ಟೋ ಗೂಂಡಾಗಳನ್ನು ನೋಡಿದ್ದೇನೆ. ಇಷ್ಟು ತಣ್ಣನೆ ದನಿ ಕೇಳಿದ್ದು ಅವತ್ತೊಂದೇ ಸಲ!

"ಯಾರು ಅಂತ ಏನು, ಅತ್ತೆ?"

ಅಮಿತಾ. ಬಾಗಿಲಲ್ಲಿ ನಿಂತಿದ್ದಳು. ದಿಲ್ಲಿಯಲ್ಲೇ ಬೆಳೆದ ಹುಡುಗಿ. ಅತ್ತೆ ಮಾವ ಪಿಸುಗುಟ್ಟುವ ಕನ್ನಡ ತನಗೆ ತಿಳಿಯುವುದಿಲ್ಲ ಅಂತ ಅವರು ಅಂದುಕೊಂಡಿದ್ದರು. ಮಾತಾಡಲು ತೊದಲುತ್ತಿದ್ದಳು. ಅರ್ಥ ಪೂರಾ ಆಗುತ್ತಿತ್ತು.

"ಸುನೈನಾ ಎಲ್ಲಿ? ನೀವು ಅವಳು ಊರಿಗೆ ಹೋದ್ಲು ಅಂದ್ರಿ ನಾ? ವೇರ್ ಈಸ್ ಶೀ?"

"ಅಮಿತಾ, ನೀನು ಒಳಗೆ ಹೋಗಮ್ಮ..." ಅಂದ ಚಂದ್ರಮೋಹನ.

"ಬಾತ್‌ರೂಮಲ್ಲಿ," ಅಂದೆ ನಾನು. "ನಿನ್ನೆಯಿಂದ. ವಿಷ ಹಾಕಿದ್ದು ಅವಳಲ್ಲ. ನಿಮ್ಮತ್ತೆ ಕೊಟ್ಟ ಟಾನಿಕ್ಕು."

"ನನಗೆ ಗೊತ್ತಿರ್ಲಿಲ್ಲ ಕಣೇ!" ಶಾರದಮ್ಮ ಎದ್ದು ಅವಳ ಕೈ ಹಿಡಿಯಲು ಹೋದರು. "ಪಾಪು ದಪ್ಪ ಆಗ್ಲಿ ಅಂತ ಕೊಟ್ಟೆ..."

ಅಮಿತಾ ಕೈ ಕೊಡವಿಕೊಂಡಳು.

"ಗೊತ್ತಿರ್ಲಿಲ್ಲ. ಅಚ್ಛಾ. ಅದು ಮಾಫ್. ಈಗ ಹೇಳಿದ್ದು? ಅವಳನ್ನ ಬಿಡ್ಬೇಡಿ ಅಂದಿದ್ದು? ಅದು ಗೊತ್ತಿದ್ದೇ ಹೇಳಿದ್ದಲ್ವಾ?"

ಶಾರದಮ್ಮ ಗಂಡನ ಹಿಂದಕ್ಕೆ ಸರಿದರು.

"ಮಗೂನ ಮುಟ್ಬೇಡಿ. ಇಬ್ರೂ. ಮೈ ಅಪ್ನೀ ಮಮ್ಮೀ ಕೇ ಘರ್ ಜಾ ರಹೀ ಹ್ಞೂಂ. ಇವನನ್ನ ಕರ್ಕೊಂಡು, ತವರಿಗೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ಕೇಳಿಸಿತು. ಗಾಜಿನ ಆಚೆ ಬೋಳಿಸಿದ ಸಣ್ಣ ತಲೆ. ಗಾಜಿನ ಈಚೆ ಅಜ್ಜಿ, ಹಣೆಯನ್ನು ಗಾಜಿಗೆ ಒತ್ತಿ ನಿಂತಿದ್ದರು.

"ಕೀ ಕೊಡಿ ಸಾರ್."

"ಮಾಚಯ್ಯ, ನನ್ನ ಮನೆ ಹಾಳು ಮಾಡಿಬಿಟ್ರಿ..."

ಅವನ ಜೇಬಿಗೆ ನಾನೇ ಕೈ ಹಾಕಿದೆ. ತಡೆಯಲಿಲ್ಲ.

ರೋಹಿಣಿಯ ಬಾತ್‌ರೂಮಿನ ಬೀಗ ತೆಗೆದಾಗ ಸುನೈನಾ ನಲ್ಲಿಯ ಕೆಳಗೆ ತಲೆ ಇಟ್ಟು ಮಲಗಿದ್ದಳು. ಟ್ಯಾಂಕು ಮಧ್ಯಾಹ್ನವೇ ಖಾಲಿಯಾಗಿತ್ತು. ಎತ್ತಿ ಕೂರಿಸಿ ನೀರು ಕುಡಿಸಿದೆ. ಕುಡಿದಳು. ಬಾಯಿ ಒರೆಸಿಕೊಂಡಳು. ಆಮೇಲೆ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ನನ್ನ ಕೆನ್ನೆಗೊಂದು ಬಾರಿಸಿದಳು.

ಲೋಟ ಮತ್ತೆ ತುಂಬಿಸಿ ಕೊಟ್ಟೆ.

"ಬಚ್ಚಾ?" ಅಂತ ಕೇಳಿದಳು.

ಉಳಿಯಿತು ಅಂದೆ. ಆ ಮನೆಯಲ್ಲಿ ಉಳಿದದ್ದು ಅದೊಂದೇ!